ಚುಕ್ಕಿ ಸತ್ತಿದ್ದು ಅಜೀರ್ಣದಿಂದ ಅಲ್ಲ: ಪಶುಸಂಗೋಪನಾ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪಶುಸಂಗೋಪನಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮಲೆನಾಡಿನಲ್ಲಿ ಮೇಯಲು ಹೋದ ದನಗಳು ವಿಷದ ಸೊಪ್ಪು ತಿಂದು ಸಾಯುತ್ತಿರುವ ಬಗ್ಗೆ.

ಮಾನ್ಯರೇ,

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹೆಂಗಸು. ಒಂದೂವರೆ ಎಕರೆ ಅಡಿಕೆ ತೋಟ, ಮನೆ ಖರ್ಚಿಗೆ ಆಗುವಷ್ಟು ಗದ್ದೆ, ಕೊಟ್ಟಿಗೆಯಲ್ಲಿ ಮೂರು ಮಲೆನಾಡು ಗಿಡ್ಡ ದನ ಇವೆ. ಮದುವೆಯಾಗಿ ಈ ಮನೆಗೆ ಬಂದು 31 ವರ್ಷವಾಯಿತು. ಬೆಳಿಗ್ಗೆ ಎದ್ದು ಮೊದಲು ಮುಖ ನೋಡುವುದು ಈ ದನಗಳದ್ದೇ. ಸೊಸೈಟಿಗೆ, ಬ್ಯಾಂಕಿಗೆ ಅರ್ಜಿ ಬರೆದಿದ್ದು ಬಿಟ್ಟರೆ ಇಷ್ಟು ದೊಡ್ಡ ಪತ್ರ ಬರೆಯುತ್ತಿರುವುದು ಇದೇ ಮೊದಲು. ಮಾತು ಹೆಚ್ಚುಕಮ್ಮಿ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಮನೆಯ ಚುಕ್ಕಿ ಎಂಬ ಹಸು ಸತ್ತಿತು. ಪರಿಹಾರಕ್ಕೆ ಹಾಕಿದ ಅರ್ಜಿ ಮೂರು ತಿಂಗಳು ತಿರುಗಿ ವಾಪಸ್ ಬಂತು. ಅದರ ಜೊತೆಗಿದ್ದ ಕಾಗದದಲ್ಲಿ ‘ಸಾವಿಗೆ ಕಾರಣ’ ಎಂದು ಅಚ್ಚಾಗಿರುವ ಜಾಗದ ಮುಂದೆ ಒಂದೇ ಪದ ಬರೆದಿದ್ದರು: ಅಜೀರ್ಣ. ಒಂಬತ್ತು ದಿನ ಆ ಹಸುವಿನ ಪಕ್ಕ ಕೂತವಳು ನಾನು. ಅಜೀರ್ಣವಾದ ದನ ಹೇಗಿರುತ್ತದೆ ಎಂದು ನನಗೆ ಗೊತ್ತು. ಓಮ, ಶುಂಠಿ, ಬೆಲ್ಲ ಅರೆದು ಗೊಟ್ಟದಲ್ಲಿ ಕುಡಿಸಿದರೆ ಮರುದಿನ ಬೆಳಿಗ್ಗೆ ಹುಲ್ಲಿಗೆ ಬಾಯಿ ಹಾಕುತ್ತದೆ. ಅಜೀರ್ಣವಾದ ದನದ ಚರ್ಮ ಸುಲಿದು ಬರುವುದಿಲ್ಲ.

ಏನಾಯಿತು ಅಂತ ಮೊದಲಿನಿಂದ ಹೇಳುತ್ತೇನೆ.

ಚುಕ್ಕಿ ನಮ್ಮ ಮನೆಯಲ್ಲಿ ಹುಟ್ಟಿದ ದನ ಅಲ್ಲ. ಶಿವಮೊಗ್ಗದ ಆಚೆ ಬಯಲು ಕಡೆಯಿಂದ ತಂದ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿಯ) ಮಿಶ್ರತಳಿ. ಕಪ್ಪು ಮೈ, ಬೆನ್ನಿನ ಮೇಲೂ ಪಕ್ಕೆಯಲ್ಲೂ ದೊಡ್ಡ ದೊಡ್ಡ ಬಿಳಿ ಮಚ್ಚೆ, ಮೂಗಿನ ಮೇಲೆ ಒಂದು ಬಿಳಿ ಪಟ್ಟೆ. ಸೊಸೈಟಿಯಲ್ಲಿ ಸಾಲ ಮಾಡಿ 62 ಸಾವಿರಕ್ಕೆ ತಂದಿದ್ದು. ಗಿಡ್ಡ ದನ ಕೊಡುವ ಹಾಲು ಮನೆಯ ಕಾಫಿಗೆ, ಮಜ್ಜಿಗೆಗೆ ಸರಿಯಾಗುತ್ತದೆ, ಡೇರಿಗೆ ಉಳಿಯುವುದು ಅಲ್ಪಸ್ವಲ್ಪ. ಡೇರಿಗೆ ಹಾಕಬೇಕು ಅಂದರೆ ಇಂಥದ್ದೇ ಬೇಕು ಅಂತ ಎಲ್ಲರೂ ಹೇಳಿದರು. ಎರಡು ಹೊತ್ತು ಸೇರಿ ಒಂಬತ್ತು ಲೀಟರ್ ಕೊಡುತ್ತಿತ್ತು. ಹುಟ್ಟಿದಾಗಿನಿಂದ ಕಟ್ಟಿದಲ್ಲೇ ಹುಲ್ಲು, ಹಿಂಡಿ ತಿಂದು ಬೆಳೆದ ದನ. ಬೆಟ್ಟ ನೋಡಿದ್ದೇ ಇಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಆ ವರ್ಷ ಗದ್ದೆ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಹುಲ್ಲೆಲ್ಲ ನೆನೆಯಿತು. ಅರ್ಧ ಗೊಣಬೆ ಬೂಷ್ಟು ಹಿಡಿದು ಗೊಬ್ಬರಗುಂಡಿಗೆ ಹೋಯಿತು. ಮಾರ್ಚ್ ಮುಗಿಯುವಾಗ ಒಣಹುಲ್ಲು ಖಾಲಿ. ಕೊಳ್ಳೋಣ ಅಂದರೆ ಪಿಂಡಿಯ ರೇಟು ಕೇಳುವ ಹಾಗಿರಲಿಲ್ಲ. ಏಪ್ರಿಲ್ ಎರಡನೇ ವಾರ ಒಂದು ದಿನ, ಗಿಡ್ಡಗಳ ಜೊತೆ ಚುಕ್ಕಿಯನ್ನೂ ಸೊಪ್ಪಿನ ಬೆಟ್ಟಕ್ಕೆ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿಗೆ, ಬಿಟ್ಟೆ. ನಾಲ್ಕು ಬಾಯಿ ಹಸಿರಾದರೂ ಸಿಗಲಿ ಅಂತ. ತಪ್ಪು ನನ್ನದೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ತಪ್ಪು ಅಂತ ಅವತ್ತು ನನಗೆ ಗೊತ್ತಿರಲಿಲ್ಲ. ಹಸು ಮಾರಿದವರು, ಸಾಲ ಕೊಟ್ಟವರು, ವಿಮೆ ಮಾಡಿಸಿ ಅಂದವರು, ಯಾರೂ ಹೇಳಿರಲಿಲ್ಲ.

ಸಂಜೆ ನಾಲ್ಕೂ ಬಂದವು. ಗಿಡ್ಡಗಳ ಹೊಟ್ಟೆ ಎಂದಿನಂತೆ ಒಳಗೆ ಹೋಗಿತ್ತು. ಚುಕ್ಕಿಯ ಹೊಟ್ಟೆ ಮಾತ್ರ ತುಂಬಿತ್ತು. ಪರವಾಗಿಲ್ಲ, ಚೆನ್ನಾಗಿ ಮೇದಿದೆ ಅಂದುಕೊಂಡೆ. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಮರುದಿನ ಅಕ್ಕಚ್ಚು ಮೂಸಿ ಮುಖ ತಿರುಗಿಸಿತು. ಮೆಲುಕು ನಿಂತಿತು. ಹಾಲು ಅರ್ಧಕ್ಕಿಳಿಯಿತು. ಸಗಣಿ ಆಡಿನ ಹಿಕ್ಕೆಯ ಹಾಗೆ ಗಟ್ಟಿ, ಕಪ್ಪು. ಮೂರನೇ ದಿನ ಕಣ್ಣಿನ ರೆಪ್ಪೆ ಮಡಚಿ ನೋಡಿದರೆ ಒಳಗೆಲ್ಲ ಅರಿಶಿನ ಬಳಿದಂತೆ ಇತ್ತು. ಉಚ್ಚೆ ಕಡು ಬಣ್ಣ, ಕಷಾಯದ ಹಾಗೆ. ಬಿಸಿಲಿಗೆ ಕಟ್ಟಿದರೆ ನಿಲ್ಲುತ್ತಿರಲಿಲ್ಲ. ಹಗ್ಗ ಜಗ್ಗಿ ಜಗ್ಗಿ ಕೊಟ್ಟಿಗೆಯ ಕತ್ತಲೆ ಮೂಲೆಗೆ ಹೋಗಿ ಗೋಡೆಗೆ ಮೈ ತಿಕ್ಕುತ್ತಿತ್ತು.

ಐದನೇ ದಿನ ನೋಡಿದ್ದನ್ನು ನಾನು ಮರೆಯುವುದಿಲ್ಲ. ಮೂತಿ ಕೆಂಪಾಗಿ ಒಡೆದಿತ್ತು. ಬೆನ್ನ ಮೇಲಿನ ಬಿಳಿ ಮಚ್ಚೆಗಳ ಚರ್ಮ ಒಣಗಿದ ಅಡಿಕೆ ಹಾಳೆಯ ಹಾಗೆ ಸೆಟೆದು ಅಂಚಿನಿಂದ ಏಳುತ್ತಿತ್ತು. ಕೈ ತಾಗಿದರೆ ಮೈ ಅದುರಿಸುತ್ತಿತ್ತು. ಒಂದು ಗೆರೆ ಎಳೆದಂತೆ, ಬಿಳಿ ಇದ್ದಲ್ಲಿ ಮಾತ್ರ ಸುಟ್ಟ ಗಾಯ. ಅದರ ಪಕ್ಕದಲ್ಲೇ ಕಪ್ಪು ಕೂದಲಿನ ಚರ್ಮ ಏನೂ ಆಗದೆ ನುಣ್ಣಗೆ ಇತ್ತು. ಕೆಚ್ಚಲಿನ ಮೇಲೂ ಹಾಗೇ. ಕರು ಬಾಯಿ ಹಾಕಲು ಬಂದರೆ ಒದೆಯುತ್ತಿತ್ತು.

ಈ ಮಧ್ಯೆ ಊರಿನವರು ಸುಮ್ನೆ ಇರಲಿಲ್ಲ. ಒಬ್ಬರು ಹಾವು ಮೂಸಿದೆ ಅಂದರು. ಇನ್ನೊಬ್ಬರು ದೃಷ್ಟಿ ಅಂದರು. ಕಾಮಾಲೆಗೆ ಬರೆ ಹಾಕಿಸಿದರೆ ಇಳಿಯುತ್ತದೆ ಅಂತ ಕಬ್ಬಿಣ ಕಾಯಿಸುವವರೆಗೂ ಬಂದಿತ್ತು ವಿಷಯ. ಸುಡುವ ಚರ್ಮದ ಮೇಲೆ ಇನ್ನೊಂದು ಸುಡು. ನಾನು ಬೇಡ ಅಂದೆ. ಅಷ್ಟು ಮಾತ್ರ ಸರಿ ಮಾಡಿದೆ ಅನ್ನಿಸುತ್ತದೆ.

ದನಗಳ ಚಿಕಿತ್ಸೆಗೆ ಇರುವ ಸಹಾಯವಾಣಿ 1962ಕ್ಕೆ ಫೋನ್ ಮಾಡಲಿಲ್ಲವೇ ಅಂತ ತಾವು ಕೇಳಬಹುದು. ಮಾಡಿದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಶಾಲೆಯ ಹಿಂದಿನ ಗುಡ್ಡ ಹತ್ತಬೇಕು. ಗುಡ್ಡದ ಮೇಲೆ ನಿಂತು ನಾಲ್ಕು ಸಲ ಮಾಡಿದ ಮೇಲೆ ಮಾತು ಕೇಳಿಸಿತು, ಊರಿನ ಹೆಸರು ಹೇಳುವಷ್ಟರಲ್ಲಿ ಕಟ್ ಆಯಿತು. ನಮ್ಮ ಕಡೆಯ ಆಸ್ಪತ್ರೆಯ ಡಾಕ್ಟರಿಗೆ ಮೂರು ಕಡೆ ಪ್ರಭಾರ. ಅವರು ಬಂದಿದ್ದು ಅದೇ ಐದನೇ ದಿನ ಮಧ್ಯಾಹ್ನ. ಅವರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಬೈಕಿನಲ್ಲಿ ಮೈಯೆಲ್ಲ ಧೂಳಾಗಿ ಬಂದವರು ನೀರು ಸಹ ಕುಡಿಯದೆ ಹಸುವಿನ ಹತ್ತಿರ ಹೋದರು. ಒಮ್ಮೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮಾ, ಇದು ಎಲ್ಲಿ ಮೇಯ್ತು?”

ಬೆಟ್ಟಕ್ಕೆ ಕರೆದುಕೊಂಡು ಹೋದೆ. ದಾರಿಯ ಎರಡೂ ಕಡೆ ಎದೆಮಟ್ಟ ಬೆಳೆದ ಗಿಡವನ್ನು ತೋರಿಸಿದರು. ತುದಿ ತುದಿ ಕಿತ್ತು ತಿಂದ ಗುರುತು ಹಾಗೇ ಇತ್ತು. ಲಂಟಾನ. ಕೆಲವರು ಚದುರಂಗ ಅನ್ನುತ್ತಾರೆ, ಕೆಲವರು ನಾತದ ಹೂವು ಅನ್ನುತ್ತಾರೆ. ಎಲೆ ಉಜ್ಜಿ ಮೂಸಿದವರಿಗೆ ಎರಡನೇ ಹೆಸರು ಯಾಕೆ ಅಂತ ಗೊತ್ತಾಗುತ್ತದೆ. ಕೆಂಪು, ಹಳದಿ ಹೂವು. ನಾವೂ ಚಿಕ್ಕಂದಿನಲ್ಲಿ ಶಾಲೆಯಿಂದ ಬರುವಾಗ ಅದರ ಕಪ್ಪು ಹಣ್ಣು ತಿಂದು ನಾಲಿಗೆ ನೀಲಿ ಮಾಡಿಕೊಂಡವರೇ. ಆ ಗಿಡ ಒಂದು ಹಸುವನ್ನು ಕೊಲ್ಲುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ?

ವಾಪಸ್ ಬರುತ್ತಾ ಅವರು ಬಿಡಿಸಿ ಹೇಳಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ, ಓದುವ ಬೇರೆಯವರಿಗೂ ಉಪಯೋಗವಾಗಲಿ. ಲಂಟಾನದ ಎಲೆಯಲ್ಲಿ ಲಂಟಾಡೀನ್ ಎಂಬ ವಿಷ ಇದೆ. ಅದು ಹೋಗಿ ಕೂರುವುದು ಪಿತ್ತಜನಕಾಂಗದಲ್ಲಿ. ಪಿತ್ತ ಹರಿಯುವ ಸಣ್ಣ ಸಣ್ಣ ದಾರಿಗಳು ಮುಚ್ಚುತ್ತವೆ, ಅದಕ್ಕೇ ಕಾಮಾಲೆ. ದನ ತಿಂದ ಸೊಪ್ಪಿನ ಹಸಿರು ಹೊಟ್ಟೆಯಲ್ಲಿ ಮುರಿದು ಇನ್ನೊಂದು ವಸ್ತು ಆಗುತ್ತದಂತೆ. ಎಲ್ಲ ದನಗಳಲ್ಲೂ ಆಗುತ್ತದೆ, ಪಿತ್ತದ ಜೊತೆ ಹೊರಗೆ ಹೋಗುತ್ತದೆ, ತೊಂದರೆ ಇಲ್ಲ. ಪಿತ್ತದ ದಾರಿ ಮುಚ್ಚಿದರೆ ಅದು ರಕ್ತಕ್ಕೆ ಸೇರಿ ಚರ್ಮಕ್ಕೆ ಬರುತ್ತದೆ. ಅಲ್ಲಿ ಬಿಸಿಲು ಬಿದ್ದರೆ ಚರ್ಮ ಬೇಯುತ್ತದೆ. ಕಪ್ಪು ಚರ್ಮ ಬಿಸಿಲನ್ನು ತಡೆಯುತ್ತದೆ, ಬಿಳಿ ಚರ್ಮ ತಡೆಯುವುದಿಲ್ಲ. ಚುಕ್ಕಿ ಯಾಕೆ ಕತ್ತಲೆ ಮೂಲೆ ಹುಡುಕುತ್ತಿತ್ತು ಅಂತ ಆಗ ತಿಳಿಯಿತು. ನಾನು ಪೆದ್ದಿ, ಗಾಳಿ ಬೆಳಕು ಇರಲಿ ಅಂತ ಎಳೆದು ತಂದು ಅಂಗಳದಲ್ಲಿ ಕಟ್ಟುತ್ತಿದ್ದೆ. ಹಸಿರು ತಿನ್ನಲಿ ಅಂತ ಹುಲ್ಲು ಕೊಯ್ದು ಬಾಯಿಗೆ ಹಿಡಿಯುತ್ತಿದ್ದೆ. ಎರಡೂ ತಪ್ಪು. ನೆರಳಲ್ಲಿ ಇಡಬೇಕು, ಹಸಿರು ನಿಲ್ಲಿಸಬೇಕು.

ಇನ್ನೊಂದು ಮಾತು ಹೇಳಿದರು. ಈ ವಿಷ ತಿಂದ ದನದ ಹೊಟ್ಟೆ ಓಡುವುದು ನಿಂತುಬಿಡುತ್ತದೆ. ತಿಂದ ಸೊಪ್ಪು ಅಲ್ಲೇ ಕೂತು ದಿನಾ ಸ್ವಲ್ಪ ಸ್ವಲ್ಪ ವಿಷ ಬಿಡುತ್ತಲೇ ಇರುತ್ತದೆ. ಆದ್ದರಿಂದ ಮೊದಲ ಒಂದೆರಡು ದಿನದಲ್ಲೇ ಔಷಧಿ ಇದ್ದಿಲು ನೀರಿನಲ್ಲಿ ಕದಡಿ ಹೊಟ್ಟೆಗೆ ಹಾಕಿದರೆ ಅದು ವಿಷವನ್ನು ಹಿಡಿದಿಟ್ಟುಕೊಳ್ಳುತ್ತದೆ. ಚಮಚದ ಲೆಕ್ಕ ಅಲ್ಲ, ದೊಡ್ಡ ಹಸುವಿಗೆ ಎರಡು ಕೆಜಿ ಹತ್ತಿರ ಬೇಕು. “ಆಸ್ಪತ್ರೆಯಲ್ಲಿ ಇದೆಯಾ ಸಾರ್?” ಅಂದೆ. ಅವರು ಉತ್ತರ ಹೇಳದೆ ಬಾಟಲಿ ಏರಿಸಿದರು. ಬಾಟಲಿಗೆ, ಇಂಜೆಕ್ಷನ್‌ಗೆ ಅವರು ಕಡಿಮೆ ಮಾಡಲಿಲ್ಲ. ಒಂಬತ್ತನೇ ದಿನ ಬೆಳಗಿನ ಜಾವ ಚುಕ್ಕಿ ಹೋಯಿತು.

ಅವತ್ತು ಡಾಕ್ಟರು ಇನ್ನೊಂದು ಕಡೆ ಲಸಿಕೆ ಕೆಲಸದಲ್ಲಿದ್ದರು. ಏಪ್ರಿಲ್ ಬಿಸಿಲು, ಹೆಣ ಊದಿಕೊಳ್ಳುತ್ತಿತ್ತು. ಮಧ್ಯಾಹ್ನದವರೆಗೆ ಕಾದು, ತೋಟದ ಮೇಲಿನ ಹಕ್ಕಲಿನಲ್ಲಿ ಗುಂಡಿ ತೆಗೆಸಿ ಉಪ್ಪು ಹಾಕಿ ಹೂತೆವು. ಮರಣೋತ್ತರ ಪರೀಕ್ಷೆ ಆಗಲಿಲ್ಲ. ಆಗಿದ್ದರೆ ಊದಿದ ಪಿತ್ತಕೋಶ, ಹಳದಿ ತಿರುಗಿದ ಪಿತ್ತಜನಕಾಂಗ ನೋಡಿದ ಕೂಡಲೇ ತಿಳಿಯುತ್ತಿತ್ತು ಅಂತ ಆಮೇಲೆ ಹೇಳಿದರು. ಪರೀಕ್ಷೆ ಇಲ್ಲದ್ದಕ್ಕೆ ಕಚೇರಿಯಲ್ಲಿ ಯಾರೋ ಒಬ್ಬರು ಚಿಕಿತ್ಸೆಯ ಚೀಟಿ ನೋಡಿ, ‘ಮೇವು ಬಿಟ್ಟಿದೆ, ಮೆಲುಕು ಇಲ್ಲ’ ಅನ್ನುವುದನ್ನು ಓದಿ ಅಜೀರ್ಣ ಅಂತ ಬರೆದರು. ಆಕಸ್ಮಿಕವಾಗಿ ಸತ್ತ ದನಗಳಿಗೆ ಅನುಗ್ರಹ ಯೋಜನೆಯಲ್ಲಿ ಪರಿಹಾರ ಇದೆ ಅಂತ ನಂಬಿ ಹಾಕಿದ ಅರ್ಜಿ ಹೀಗೆ ವಾಪಸ್ ಆಯಿತು. ಸಾಲದ ಕಂತು ಮಾತ್ರ ಪ್ರತಿ ತಿಂಗಳು ತಪ್ಪದೆ ಬರುತ್ತಿದೆ.

ಮಾನ್ಯರೇ, ಇದು ನನ್ನೊಬ್ಬಳ ಕಥೆ ಆಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆ. ಆಮೇಲೆ ಹಾಲು ಹಾಕಲು ಹೋದಾಗೆಲ್ಲ ಡೇರಿ ಕಟ್ಟೆಯ ಮೇಲೆ ಒಬ್ಬೊಬ್ಬರನ್ನೇ ಕೇಳಿದೆ. ಮೂರು ಊರಿನಲ್ಲಿ, ಐದಾರು ವರ್ಷದಲ್ಲಿ, ಇದೇ ರೀತಿ ಮೂತಿ ಒಡೆದು ಸತ್ತ ದನ ಚುಕ್ಕಿಯನ್ನು ಬಿಟ್ಟು ಏಳು ಅಂತ ಲೆಕ್ಕ ಸಿಕ್ಕಿತು. ಏಳರಲ್ಲಿ ಆರು ಹೊರಗಿನಿಂದ ತಂದ ಮಿಶ್ರತಳಿ. ಯಾವುದಕ್ಕೂ ವಿಷದ ಸೊಪ್ಪು ಅಂತ ಕಾಗದದಲ್ಲಿ ಬರೆದಿಲ್ಲ. ಒಂದಕ್ಕೆ ಕಾಮಾಲೆ ಅಂತ ಬರೆದಿದ್ದಾರೆ, ಎರಡಕ್ಕೆ ಉಣುಗಿನ ಜ್ವರ ಅಂತ, ಉಳಿದವಕ್ಕೆ ಕಾಗದವೇ ಇಲ್ಲ.

ಗಿಡ್ಡಗಳು ಯಾಕೆ ಸಾಯಲಿಲ್ಲ ಅಂತ ನಾನು ಬಹಳ ಯೋಚಿಸಿದ್ದೇನೆ. ಜಾನುವಾರು ತಳಿಗಳನ್ನು ದಾಖಲಿಸುವ ಕರ್ನಾಲಿನ ರಾಷ್ಟ್ರೀಯ ಸಂಸ್ಥೆ ಮಲೆನಾಡು ಗಿಡ್ಡವನ್ನು ಪ್ರತ್ಯೇಕ ತಳಿ ಅಂತ ದಾಖಲು ಮಾಡಿದೆ. ಕುಳ್ಳು, ಹಾಲು ಕಮ್ಮಿ, ಬೇಲಿ ಹಾರುತ್ತವೆ, ಹೇಳಿದ ಮಾತು ಕೇಳುವುದಿಲ್ಲ. ಆದರೆ ಬೆಟ್ಟ ಅವಕ್ಕೆ ಬಾಯಿಪಾಠ. ನಮ್ಮ ಗಿಡ್ಡ ಹಸು ಕೌಲಿ ಲಂಟಾನದ ಮಟ್ಟಿಯ ಒಳಗೆ ಮೂತಿ ತೂರಿಸಿ, ಅದರ ಬುಡದಲ್ಲಿ ಸಿಕ್ಕಿಕೊಂಡ ಹುಲ್ಲಿನ ಎಸಳನ್ನು ಮಾತ್ರ ಕಿತ್ತು ತಿನ್ನುವುದನ್ನು ನಿಂತು ನೋಡಿದ್ದೇನೆ. ಕರು ಅಮ್ಮನ ಬಾಯಿ ನೋಡಿಯೇ ಕಲಿಯುತ್ತದೆ. ಚುಕ್ಕಿಗೆ ಕಲಿಸಲು ಯಾರಿದ್ದರು? ಹಸಿವಾಗಿತ್ತು, ಎದುರಿಗೆ ಹಸಿರು ಇತ್ತು.

ದನಕ್ಕೆ ಗೊತ್ತಿಲ್ಲದಿದ್ದರೂ ಜೊತೆಗೆ ಹೋದವರಿಗೆ ಗೊತ್ತಿರುತ್ತಿದ್ದ ಕಾಲ ಒಂದಿತ್ತು. ನನ್ನ ಅತ್ತೆ ಮಳೆಗಾಲದ ಮೊದಲು ಹೊಸ ದನ ತಂದರೆ ತಿಂಗಳುಗಟ್ಟಲೆ ಬೆಟ್ಟಕ್ಕೆ ಬಿಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ “ಅದಕ್ಕಿನ್ನೂ ನಮ್ಮೂರ ಸೊಪ್ಪಿನ ಪರಿಚಯ ಇಲ್ಲ ಕಣೆ” ಅನ್ನುತ್ತಿದ್ದರು. ತಮಾಷೆ ಅಂದುಕೊಂಡಿದ್ದೆ. ಊರ ದನ ಕಾಯುವ ಹುಡುಗರಿಗೆ ಯಾವ ದಿಣ್ಣೆಯಲ್ಲಿ ಯಾವ ಗಿಡ ಅಂತ ಎಲ್ಲ ಗೊತ್ತಿತ್ತು. ಈಗ ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಬೇಕು ಕೂಡ. ದನ ಕಾಯುವವರು ಇಲ್ಲ. ಕಟ್ಟು ಬಿಚ್ಚಿ ಬಿಡುತ್ತೇವೆ, ಸಂಜೆ ಬಂದರೆ ಬಂತು.

ಬೆಟ್ಟವೂ ಮೊದಲಿನ ಹಾಗೆ ಇಲ್ಲ. ನಾನು ಬಂದ ಹೊಸದರಲ್ಲಿ ನಮ್ಮ ಬ್ಯಾಣದ ಹುಲ್ಲುಗಾವಲಿನಲ್ಲಿ ಮೊಣಕಾಲು ಮುಚ್ಚುವ ಕರಡ ಹುಲ್ಲು ಇರುತ್ತಿತ್ತು. ಗೋಮಾಳ ಅಂತ ಪಹಣಿಯಲ್ಲಿರುವ ಜಾಗದಲ್ಲಿ ಈಗ ಅಕೇಶಿಯಾ ಸಾಲು. ಅದರ ಎಲೆ ಬಿದ್ದು ಬಿದ್ದು ದಪ್ಪ ಹಾಸಿಗೆಯಾಗಿ ಕೆಳಗೆ ಒಂದು ಎಸಳು ಹುಲ್ಲು ಏಳುವುದಿಲ್ಲ. ಬಿಸಿಲು ಬೀಳುವ ಅಂಚಿನಲ್ಲೆಲ್ಲ ಲಂಟಾನ, ಯುಪಟೋರಿಯಂ ಕಳೆ. ಲಂಟಾನ ನಮ್ಮ ದೇಶದ ಗಿಡವೇ ಅಲ್ಲ. ಅಮೆರಿಕ ಖಂಡದ್ದು. ಇನ್ನೂರು ವರ್ಷದ ಹಿಂದೆ ಹೂವು ಚಂದ ಅಂತ ಬ್ರಿಟಿಷರು ಕಲ್ಕತ್ತೆಯ ಸಸ್ಯತೋಟಕ್ಕೆ ತಂದಿದ್ದು. ಹಣ್ಣು ತಿಂದ ಪಿಕಳಾರಗಳು ಬೀಜವನ್ನು ನಮ್ಮ ಬೆಟ್ಟದ ತಲೆಯವರೆಗೆ ಹೊತ್ತು ತಂದು ಹಾಕಿವೆ. ಬೇಸಿಗೆಯಲ್ಲಿ ಹುಲ್ಲು ಒಣಗುತ್ತದೆ, ಇದು ಒಣಗುವುದಿಲ್ಲ. ಹಸಿದ ದನ ಎಲ್ಲಿಗೆ ಬಾಯಿ ಹಾಕಬೇಕು?

ಲಂಟಾನ ಒಂದೇ ಆಗಿದ್ದರೆ ಹೇಗೋ ನೆನಪಿಟ್ಟುಕೊಳ್ಳಬಹುದಿತ್ತು. ನಮ್ಮ ಪಕ್ಕದ ಊರಿನಲ್ಲಿ ದೇವಸ್ಥಾನದ ಅಂಗಳ ಚೊಕ್ಕ ಮಾಡಿ ಕಣಗಿಲೆಯ ಟಿಸಿಲು ಕಡಿದು ಬೇಲಿಯಾಚೆ ರಾಶಿ ಹಾಕಿದ್ದರು. ಬಾಡಿದ ಮೇಲೆ ಎರಡು ಆಡು ತಿಂದವು, ಸಂಜೆಗೆ ಎರಡೂ ಇಲ್ಲ. ಕಣಗಿಲೆ ಹಸಿಯಾದರೂ ವಿಷ, ಒಣಗಿದರೂ ವಿಷ. ಅದು ಹೃದಯಕ್ಕೇ ಹೋಗುತ್ತದೆ. ಮರಗೆಣಸಿನ ಹಸಿ ಸೊಪ್ಪು, ಎಳೆ ಜೋಳದ ಪೈರು ಇನ್ನೂ ಬೇಗ. ಅದರಲ್ಲಿ ಸಯನೈಡ್ ಹುಟ್ಟುತ್ತದೆ. ದನ ಮೇಯುತ್ತಿದ್ದಲ್ಲೇ ಏದುಸಿರು ಬಿಟ್ಟು ಬೀಳುತ್ತದೆ. ಅದಕ್ಕೆ ನರಕ್ಕೆ ಕೊಡುವ ಮದ್ದು ಇದೆ, ಕೊಟ್ಟರೆ ಎದ್ದು ನಿಲ್ಲುತ್ತದೆ. ಆದರೆ ಅರ್ಧ ಗಂಟೆಯ ಒಳಗೆ ಯಾರು ಬರುತ್ತಾರೆ? ಹಬ್ಬಕ್ಕೆ ಗೌರಿಗೆ ಏರಿಸುವ ಗೌರಿ ಹೂವಿನ ಗೆಡ್ಡೆಯೂ ವಿಷವೇ.

ಘಟ್ಟದ ಅಂಚಿನಲ್ಲಿರುವ ನನ್ನ ತವರಿನ ಕಡೆ ಇನ್ನೊಂದು ತೊಂದರೆ. ದನ ಕೆಂಪು ಉಚ್ಚೆ ಹೊಯ್ಯುತ್ತದೆ. ಪ್ರತಿ ಸಲ ಉಣುಗಿನ ಜ್ವರದ ಇಂಜೆಕ್ಷನ್. ನನ್ನ ಅಣ್ಣನ ಮನೆಯ ಒಂದು ಎತ್ತಿಗೆ ಎರಡು ವರ್ಷ ಇದೇ ಆಯಿತು. ಜ್ವರವೇ ಇರಲಿಲ್ಲ, ಆದರೂ ಅದೇ ಮದ್ದು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಉಚ್ಚೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಕಿಟಕಿಯಲ್ಲಿ ಇಡಿಸಿದರು. ಎರಡು ಗಂಟೆ ಕಳೆದು ನೋಡಿದರೆ ತಳದಲ್ಲಿ ರಕ್ತ ಕೂತು ಮೇಲೆ ತಿಳಿಯಾಗಿತ್ತು. ಉಣುಗಿನ ಜ್ವರದಲ್ಲಿ ಹಾಗೆ ತಿಳಿಯಾಗುವುದಿಲ್ಲವಂತೆ, ಬಾಟಲಿ ಪೂರ್ತಿ ಕಾಫಿ ಬಣ್ಣವೇ ಇರುತ್ತದೆ. ಇದು ಬ್ರೇಕನ್ ಎಂಬ ಜರಿಗಿಡವನ್ನು ವರ್ಷಗಟ್ಟಲೆ ತಿಂದು ಮೂತ್ರಕೋಶದಲ್ಲಿ ಗಡ್ಡೆ ಬೆಳೆದದ್ದು. ಅದಕ್ಕೆ ಔಷಧಿ ಇಲ್ಲ. ಜರಿ ಇರುವ ಕಡೆ ಬಿಡದಿರುವುದೇ ಔಷಧಿ. ಒಂದು ಗಾಜಿನ ಬಾಟಲಿಯಲ್ಲಿ ತಿಳಿಯುವ ವಿಷಯಕ್ಕೆ ಎರಡು ವರ್ಷ ಹೋಯಿತು. ಆ ಜರಿಯ ವಿಷ ಹಾಲಿನಲ್ಲೂ ಇಳಿಯುತ್ತದೆ ಅಂತ ಆ ಡಾಕ್ಟರೇ ಹೇಳಿದ್ದು. ಹಾಲು ಕುಡಿಯುವವರು ನಾವು, ಪೇಟೆಯವರು, ಎಲ್ಲರೂ ಅಲ್ವಾ?

ನಮ್ಮ ಜಿಲ್ಲೆಗೆ ಮಂಗನ ಕಾಯಿಲೆ ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದನ್ನು ಗುರುತಿಸಿದರು, ಆ ಕಾಡಿನ ಹೆಸರನ್ನೇ ಇಟ್ಟರು. ಹೆಸರು ಸಿಕ್ಕಿದ ಮೇಲೆ ಕಡತ ಬಂತು, ಕಾಡಿಗೆ ಹೋಗುವವರ ಮೈಗೆ ಹಚ್ಚಲು ಎಣ್ಣೆ ಬಂತು, ಮಂಗ ಸತ್ತರೆ ತಿಳಿಸಿ ಅಂತ ಆಟೋದಲ್ಲಿ ಮೈಕು ಕಟ್ಟಿ ಕೂಗುವುದು ಬಂತು. ಕಾಡಿನಲ್ಲಿ ಒಂದು ಮಂಗ ಸತ್ತರೆ ಎಲ್ಲಿ, ಯಾವತ್ತು ಅಂತ ಬರೆದಿಡುತ್ತಾರೆ. ಬರೆದಿಡಲೇಬೇಕು. ನನ್ನ ಕೊಟ್ಟಿಗೆಯ ಹಸು ಸತ್ತರೆ?

ಚುಕ್ಕಿಯ ಕಿವಿಯಲ್ಲೂ ಹಳದಿ ಓಲೆ ಇತ್ತು, 12 ಅಂಕಿಯ ನಂಬರು. ಅದಕ್ಕೆ ಯಾವಾಗ ಕಾಲುಬಾಯಿ ಲಸಿಕೆ ಹಾಕಿದರು ಅನ್ನುವುದು ಆ ನಂಬರಿನಲ್ಲಿದೆ. ಯಾವುದರಿಂದ ಸತ್ತಿತು ಅನ್ನುವುದು ಮಾತ್ರ ತಪ್ಪಾಗಿದೆ. ಎಷ್ಟು ದನ ಸೊಪ್ಪಿನ ವಿಷದಿಂದ ಸಾಯುತ್ತಿವೆ ಅಂತ ತಾವು ತಮ್ಮ ಅಧಿಕಾರಿಗಳನ್ನು ಕೇಳಿದರೆ, ಬಹಳ ಕಡಿಮೆ ಅಂತ ಹೇಳಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಬರೆದರೆ ತಾನೇ ಲೆಕ್ಕ ಸಿಗುವುದು?

ಅದಕ್ಕೇ ನನ್ನ ಮೊದಲ ಬೇಡಿಕೆ ದುಡ್ಡಿನದ್ದಲ್ಲ. ದನ ಸತ್ತಾಗ ತುಂಬುವ ಕಾಗದದಲ್ಲಿ ‘ಸಸ್ಯದ ವಿಷ’ ಅಂತ ಒಂದು ಕಲಂ ಬರಲಿ. ಪಕ್ಕದಲ್ಲಿ ಗಿಡದ ಹೆಸರಿಗೆ ಒಂದು ಗೆರೆ. ಮಲೆನಾಡಿನ ತಾಲ್ಲೂಕುಗಳಲ್ಲಿ ಎರಡು ವರ್ಷ ಹೀಗೆ ಬರೆದರೆ ಎಲ್ಲಿ, ಯಾವ ತಿಂಗಳು, ಯಾವ ಗಿಡ ಅಂತ ತಮಗೇ ಕಾಣುತ್ತದೆ.

ಎರಡನೆಯದು ಮರಣೋತ್ತರ ಪರೀಕ್ಷೆಯದ್ದು. ಡಾಕ್ಟರಿಗೆ ಬರಲು ಆಗದಿದ್ದಾಗ ರೈತನ ಅರ್ಜಿ ಸಾಯಬಾರದು. ಫೋಟೊ ಇದೆ, ಪಂಚಾಯಿತಿಯವರು ಇದ್ದಾರೆ, ಚಿಕಿತ್ಸೆ ಮಾಡಿದ ಚೀಟಿ ಇದೆ. ಇವನ್ನು ಸಾಕ್ಷಿ ಅಂತ ಒಪ್ಪುವ ಒಂದು ಆದೇಶ ಮಾಡಿಸಿ. ಆಗುವ ಕಡೆ ಹೊಟ್ಟೆಯೊಳಗಿನ ಸೊಪ್ಪಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಲಿ. ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಮಾದರಿ ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ. ಖಾಲಿ ಇರುವ ಡಾಕ್ಟರ ಹುದ್ದೆ ತುಂಬಿ ಅಂತ ಬೇರೆ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ. ಎಲ್ಲರೂ ಹೇಳಿ ಹೇಳಿ ಆ ಮಾತು ಸವೆದಿದೆ.

ಮಾರ್ಚ್ ಕೊನೆಯೊಳಗೆ ಪ್ರತಿ ಆಸ್ಪತ್ರೆಯಲ್ಲಿ, ಆಗುವುದಾದರೆ ಪ್ರತಿ ಹಾಲಿನ ಡೇರಿಯಲ್ಲೂ, ಔಷಧಿ ಇದ್ದಿಲಿನ ಚೀಲ ಇರಲಿ. ಡೇರಿ ಯಾಕೆ ಅಂದರೆ, ನಮ್ಮ ಊರಿನಿಂದ ಆಸ್ಪತ್ರೆ 14 ಕಿಲೋಮೀಟರ್, ಡೇರಿ ಒಂದೂವರೆ. ಹಾಲು ಕಮ್ಮಿಯಾದ ದಿನವೇ ಡೇರಿಯ ಹುಡುಗನಿಗೆ ಗೊತ್ತಾಗುತ್ತದೆ. “ಯಾಕೆ ಅಕ್ಕಾ ಇವತ್ತು ಎರಡೇ ಲೀಟರ್?” ಅಂತ ಕೇಳುವವನು ಅವನೇ. ಅವನಿಗೆ ಒಂದು ದಿನ ತರಬೇತಿ ಕೊಟ್ಟರೆ “ಎಲ್ಲಿಗೆ ಬಿಟ್ಟಿದ್ರಿ?” ಅಂತಲೂ ಕೇಳುತ್ತಾನೆ. ಆ ಪ್ರಶ್ನೆ ಎರಡನೇ ದಿನ ಬಂದಿದ್ದರೆ ಚುಕ್ಕಿ ಉಳಿಯುತ್ತಿತ್ತೇನೋ.

ಅದೇ ಡೇರಿಯ ಗೋಡೆಗೆ ಒಂದು ದೊಡ್ಡ ಚಿತ್ರಪಟ ಹಾಕಿಸಿ. ಇಂಥ ಒಂದು ಕರಪತ್ರ ನಾನು ನೋಡಿದ್ದೇನೆ. ಲ್ಯಾಟಿನ್ ಹೆಸರುಗಳು, ಜೆರಾಕ್ಸ್ ಮಾಡಿದ ಚಿತ್ರಗಳು. ಹತ್ತು ಗಿಡ ಇತ್ತು, ಹತ್ತೂ ಒಂದೇ ಕರಿ ಮುದ್ದೆ. ಅದನ್ನು ನೋಡಿ ಗಿಡ ಗುರುತಿಸಿದವರು ಇದ್ದರೆ ಅವರಿಗೆ ಕೈ ಮುಗಿಯುತ್ತೇನೆ. ಬಣ್ಣದ ಫೋಟೊ ಬೇಕು. ಎಳೆಯದರಲ್ಲಿ ಹೇಗೆ, ಹೂವು ಬಿಟ್ಟಾಗ ಹೇಗೆ, ಬೇಸಿಗೆಯಲ್ಲಿ ಹೇಗೆ ಅಂತ ತೋರಿಸಬೇಕು. ಹೆಸರು ನಮ್ಮ ಬಾಯಿಯದ್ದು ಇರಬೇಕು. ತೀರ್ಥಹಳ್ಳಿಯಲ್ಲಿ ಒಂದು ಹೆಸರಾದರೆ ಸಾಗರದಲ್ಲಿ ಇನ್ನೊಂದು ಇರುತ್ತದೆ, ಎರಡನ್ನೂ ಹಾಕಲಿ. ಬರೆಯುವ ಮೊದಲು ಊರಿನ ನಾಲ್ಕು ಮುದುಕಿಯರನ್ನು ಕೂರಿಸಿ ಕೇಳಲಿ. ಗಿಡದ ಜೊತೆ ಏನು ಮಾಡಬೇಕು, ಏನು ಮಾಡಬಾರದು ಅಂತ ಎರಡೇ ಸಾಲು ಸಾಕು.

ಹೊರಗಿನ ಹಸು ಕೊಳ್ಳಲು ಸಾಲ, ಸಬ್ಸಿಡಿ ಕೊಡುವಾಗ ಒಂದು ಮಾತು ಕಡ್ಡಾಯವಾಗಿ ಹೇಳಿಸಿ: ಕಟ್ಟಿ ಸಾಕಿದ ದನವನ್ನು, ಅದೂ ಹಸಿದ ಹೊಟ್ಟೆಯಲ್ಲಿ, ಬೆಟ್ಟಕ್ಕೆ ಬಿಡಬೇಡಿ. ಸಹಿ ಹಾಕಿಸಿಕೊಳ್ಳುವ ಹತ್ತು ಹಾಳೆಗಳಲ್ಲಿ ಇದಕ್ಕೆ ಒಂದು ಸಾಲು ಜಾಗ ಇಲ್ಲವೇ?

ಕೊನೆಯದಾಗಿ ಗೋಮಾಳದ ಮಾತು. ಇದು ತಮ್ಮ ಇಲಾಖೆಯೊಂದರ ಕೈಯಲ್ಲಿ ಇಲ್ಲ ಅಂತ ಗೊತ್ತು. ಕಂದಾಯದವರು ಅರಣ್ಯದವರ ಕಡೆ ಕೈ ತೋರಿಸುತ್ತಾರೆ, ಅರಣ್ಯದವರು ಪಂಚಾಯಿತಿಯ ಕಡೆ. ಆದರೆ ತಾವು ಸಚಿವರು, ಮೂವರನ್ನೂ ಒಂದು ಕೋಣೆಯಲ್ಲಿ ಕೂರಿಸುವ ಶಕ್ತಿ ತಮಗಿದೆ. ಉದ್ಯೋಗ ಖಾತ್ರಿಯಲ್ಲಿ ಪ್ರತಿ ವರ್ಷ ಚರಂಡಿ, ಇಂಗುಗುಂಡಿ ಮಾಡುತ್ತಾರೆ. ಲಂಟಾನ ಕೀಳುವುದನ್ನೂ ಅದರಲ್ಲಿ ಸೇರಿಸಲಿ. ಕತ್ತಿಯಲ್ಲಿ ಮೇಲೆ ಮೇಲೆ ಸವರಿದರೆ ಒಂದು ಮಳೆಗೆ ಇಮ್ಮಡಿ ಚಿಗುರುತ್ತದೆ. ಮಣ್ಣಿನ ಕೆಳಗೆ ಬುಡ ಕತ್ತರಿಸಿ ತಲೆಕೆಳಗು ಮಾಡಿ ಹಾಕಬೇಕು. ಕಿತ್ತ ಜಾಗಕ್ಕೆ ಕೂಡಲೇ ಹುಲ್ಲಿನ ಬೀಜ ಬಿತ್ತಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಅದೇ ಕೆಲಸಕ್ಕೆ ಅದೇ ಬಿಲ್ಲು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಡ್ಡಿಯಿಂದ ಕುರ್ಚಿ, ಆನೆ ಎಲ್ಲ ಮಾಡುತ್ತಾರೆ. ಕಿತ್ತದ್ದು ಏನು ಮಾಡುವುದು ಅಂತ ಕೇಳುವವರಿಗೆ ಅದನ್ನು ತೋರಿಸಬಹುದು.

ತಮ್ಮ ಅಧಿಕಾರಿಗಳು ಯಾರಾದರೂ ಬಂದು ನೋಡುವುದಾದರೆ ಏಪ್ರಿಲ್‌ನಲ್ಲೇ ಬರಲಿ. ಮಳೆ ಬಿದ್ದ ಮೇಲೆ ಬಂದರೆ ಎಲ್ಲೆಲ್ಲೂ ಹಸಿರು, ಏನೂ ತೊಂದರೆ ಇಲ್ಲ ಅನ್ನಿಸಿಬಿಡುತ್ತದೆ. ಬೆಳಿಗ್ಗೆ ಎಂಟರ ಒಳಗೆ ಡೇರಿಗೆ ಹಾಲು ಹಾಕಿ ಬಂದಿರುತ್ತೇನೆ. ಚುಕ್ಕಿಯ ಕರು ಈಗ ದೊಡ್ಡದಾಗಿದೆ, ಅಮ್ಮನ ಹಾಗೇ ಬಿಳಿ ಮಚ್ಚೆ. ಅದನ್ನು ಇವತ್ತಿನವರೆಗೆ ಬೆಟ್ಟಕ್ಕೆ ಬಿಟ್ಟಿಲ್ಲ. ಕೌಲಿಯನ್ನು ಮುಂದೆ ಬಿಟ್ಟು ನಾವು ಹಿಂದೆ ಹೋಗೋಣ. ಅದು ಬಾಯಿ ಹಾಕದ ಗಿಡಗಳನ್ನು ಒಂದೊಂದಾಗಿ ಬರೆದುಕೊಳ್ಳಲಿ.

ಇತಿ,
ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ಹೈನುಗಾರ್ತಿ